ಕೋಲ್ಕತ್ತಾದ ಗಿಟಾರ್ ಜಾತ್ರೆಯಲ್ಲಿ ಒಬ್ಬ ಕೇಳುಗ

ಆಕಾಶವಾಣಿ ಕೇಳಿ ಬೆಳೆದವರಿಗೆಲ್ಲ ಈ ದನಿ ಗೊತ್ತು, ಹೆಸರು ಗೊತ್ತಿರಲಿಕ್ಕಿಲ್ಲ. ರೈತರಿಗಾಗಿ ನಡೆದ ಮಾತುಕತೆ ಎರಡು ನಿಮಿಷ ಮೊದಲೇ ಮುಗಿದುಬಿಟ್ಟಿದೆ, ವಾರ್ತೆಗೆ ಇನ್ನೂ ಹೊತ್ತಿದೆ. ಆ ಖಾಲಿ ಜಾಗ ತುಂಬಲು ಹೇಳದೆ ಕೇಳದೆ ಒಂದು ರೆಕಾರ್ಡು ಹಾಕುತ್ತಿದ್ದರು. ಗೊತ್ತಿರುವ ಹಿಂದಿ ಚಿತ್ರಗೀತೆಯ ಧಾಟಿಯೇ, ಆದರೆ ಹಾಡುವವರು ಯಾರೂ ಇಲ್ಲ. ಒಂದು ತಂತಿ ಸ್ವರದಿಂದ ಸ್ವರಕ್ಕೆ ಜಾರುತ್ತ, ನಿಂತಲ್ಲಿ ತುಸು ನಡುಗುತ್ತ ಹಾಡನ್ನು ಎಳೆದುಕೊಂಡು ಹೋಗುತ್ತಿತ್ತು. ಎರಡನೆಯ ಚರಣ ಮುಟ್ಟುವಷ್ಟರಲ್ಲಿ ‘ಪೀಂ ಪೀಂ’ ಎಂದು ಗಂಟೆಯ ಸಂಕೇತ, ಆಮೇಲೆ ವಾರ್ತೆ. ಧಾರವಾಡದ ನಮ್ಮ ಮನೆಯಲ್ಲಿ ಅಪ್ಪ ವಾರ್ತೆಗಾಗಿ ರೇಡಿಯೋ ಹಚ್ಚುತ್ತಿದ್ದರು. ನಾನು ವಾರ್ತೆಯ ಮುಂಚಿನ ಆ ಎರಡು ನಿಮಿಷಕ್ಕಾಗಿ ಕೂತಿರುತ್ತಿದ್ದೆ. ಒಂದು ಹಾಡನ್ನಾದರೂ ಪೂರ್ತಿ ಕೇಳಿದ ನೆನಪಿಲ್ಲ.

ಅದು ಸ್ಟೀಲ್ ಗಿಟಾರ್ ಎಂದು ತಿಳಿದದ್ದು ನೌಕರಿಗೆಂದು ಮುಂಬಯಿಗೆ ಬಂದ ಮೇಲೆ, ಚೋರ್ ಬಜಾರಿನ ಹಳೆ ರೆಕಾರ್ಡಿನ ಅಂಗಡಿಯೊಂದರಲ್ಲಿ. ಮೊದಲು ಸಿಕ್ಕಿದ್ದು ಸುನೀಲ್ ಗಂಗೂಲಿಯವರ ಎಲ್‌ಪಿ. ಆಮೇಲೆ ಹಜಾರಾ ಸಿಂಗ್, ವಾನ್ ಶಿಪ್ಲೆ. (ಶಿಪ್ಲೆಯವರ ಜೊತೆ ಅಕಾರ್ಡಿಯನ್ ನುಡಿಸುತ್ತಿದ್ದ ಎನಾಕ್ ಡೇನಿಯಲ್ಸ್ ಪುಣೆಯವರು, ಪುಣೆಯ ಓದುಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.) ಡೊಂಬಿವಲಿಯ ಪುಟ್ಟ ಮನೆಯಲ್ಲಿ ಈ ತಟ್ಟೆಗಳಿಗೆ ಕಪಾಟಿನಲ್ಲಿ ಜಾಗ ಮಾಡಿಕೊಟ್ಟ ನನ್ನ ಹೆಂಡತಿ ಆ ಸಂಗೀತಕ್ಕೆ ಇಟ್ಟ ಹೆಸರು ‘ಅಳುಬುರುಕ ಗಿಟಾರು’. ನಾನು ಒಂದು ದಿನವೂ ಗಿಟಾರು ಮುಟ್ಟಿದವನಲ್ಲ. ಕಲಿಯಬೇಕೆಂಬ ಆಸೆಯೂ ಹುಟ್ಟಲಿಲ್ಲ. ಕೇಳುವುದರಲ್ಲೇ ನನಗೆ ಕೈತುಂಬ ಕೆಲಸವಿತ್ತು.

ಕಳೆದ ಜನವರಿಯಲ್ಲಿ ಕೋಲ್ಕತ್ತಾದಲ್ಲಿ ಹವಾಯಿಯನ್ ಗಿಟಾರ್ ವಾದಕರ ಎರಡು ದಿನದ ಸಮ್ಮೇಳನವಿದೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಹೇಳಿದರು. ಅವರು ಬಂಗಾಳಿ, ನಿವೃತ್ತಿಯ ನಂತರ ಊರಿಗೆ ಮರಳಿದವರು. ಮಗಳು ಗೀತಾಂಜಲಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಕೊಟ್ಟಳು. “ವಿಮಾನದಲ್ಲಿ ಹೋಗಬಾರದೇ ಅಪ್ಪಾ” ಅಂದಳು. ನಾಗಪುರ, ರಾಯಪುರ, ಬಿಲಾಸಪುರ, ಟಾಟಾನಗರ ಎಲ್ಲ ಕಿಟಕಿಯಲ್ಲಿ ನೋಡದೆ ಕೋಲ್ಕತ್ತಾಕ್ಕೆ ಹೋದರೆ ಹೋದ ಹಾಗಾಗುವುದಿಲ್ಲ ಎಂಬುದು ನನ್ನ ವಾದ. ಸುಮಾರು 30 ಗಂಟೆಯ ದಾರಿ. ಸಮ್ಮೇಳನಕ್ಕೆ ಹೋಗುತ್ತಿದ್ದೇನೆ ಎಂದಾಗ ಎದುರು ಸೀಟಿನವರು “ಯಾವ ಪಕ್ಷದ್ದು?” ಎಂದು ಕೇಳಿದರು.

ಹೆಸರಿನ ಗೊಂದಲವನ್ನು ಇಲ್ಲೇ ಬಗೆಹರಿಸುತ್ತೇನೆ. ಸ್ಟೀಲ್ ಗಿಟಾರ್ ಎಂದರೆ ಉಕ್ಕಿನಿಂದ ಮಾಡಿದ ಗಿಟಾರ್ ಅಲ್ಲ. ಎಡಗೈಯಲ್ಲಿ ಹಿಡಿಯುವ ಉಕ್ಕಿನ ತುಂಡಿಗೆ ಸ್ಟೀಲ್ ಎನ್ನುತ್ತಾರೆ. ಗಿಟಾರನ್ನು ಎದೆಗೆ ಒರಗಿಸಿಕೊಳ್ಳದೆ ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳನ್ನು ಮೆಟ್ಟಿಲಿಗೆ ತಾಗದಷ್ಟು ಎತ್ತರಕ್ಕೆ ಏರಿಸಿ, ಆ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾರೆ. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ಉಗುರು ತೊಟ್ಟು ಮೀಟುತ್ತಾರೆ. ಹವಾಯಿ ದ್ವೀಪಗಳ ಲಾಯೀ ಎಂಬ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬ ಹುಡುಗ ಶಾಲೆಗೆ ಹೋಗುವ ದಿನಗಳಲ್ಲಿ ಇದನ್ನು ಕಂಡುಹಿಡಿದ ಎಂಬುದು ಎಲ್ಲರೂ ಹೇಳುವ ಕತೆ. ರೈಲು ಹಳಿಯ ಹತ್ತಿರ ಬಿದ್ದಿದ್ದ ಬೋಲ್ಟನ್ನು ತಂತಿಗೆ ತಾಗಿಸಿದ ಎಂದು ಕೆಲವರು, ಬಾಚಣಿಗೆ ಎಂದು ಕೆಲವರು. ಇನ್ನೊಂದು ಕತೆ ನಮಗೆ ಹತ್ತಿರದ್ದು: 1880ರ ದಶಕದಲ್ಲಿ ಹೊನೊಲುಲುವಿನಲ್ಲಿ ಗೇಬ್ರಿಯಲ್ ಡೇವಿಯನ್ ಎಂಬ, ಭಾರತದಲ್ಲಿ ಹುಟ್ಟಿದ ನಾವಿಕನೊಬ್ಬ ಗಿಟಾರನ್ನು ಹೀಗೆ ಜಾರಿಸಿ ನುಡಿಸುತ್ತಿದ್ದ ಎಂದು ಅಲ್ಲಿಯ ಹಳಬರ ನೆನಪು ದಾಖಲಾಗಿದೆ. ಮೈಸೂರು ಅರಮನೆಯ ವಿದ್ವಾಂಸರಾಗಿದ್ದ ನಾರಾಯಣ ಅಯ್ಯಂಗಾರ್ ಅವರ ಗೋಟುವಾದ್ಯ ನೆನಪಿರುವವರಿಗೆ ಈ ಕತೆ ಅಸಂಭವ ಅನ್ನಿಸುವುದಿಲ್ಲ. ಮೆಟ್ಟಿಲೇ ಇಲ್ಲದ ವೀಣೆ, ಅದರ ತಂತಿಯ ಮೇಲೆ ಜಾರುವ ಮರದ ತುಂಡು. ಅವರ ಮೊಮ್ಮಗ, ಮೈಸೂರಿನಲ್ಲೇ ಹುಟ್ಟಿದ ರವಿಕಿರಣ್, ಅದನ್ನೇ ಚಿತ್ರವೀಣೆ ಎಂದು ಲೋಕದ ಮುಂದಿಟ್ಟರು. ಡೇವಿಯನ್ ಇಂಥದ್ದನ್ನು ಕಂಡಿದ್ದನೋ ಇಲ್ಲವೋ, ಕತೆಯಂತೂ ಚೆನ್ನಾಗಿದೆ.

ಹವಾಯಿಯ ವಾದ್ಯ ಕೋಲ್ಕತ್ತಾದ ಮನೆಮನೆಗೆ ಹೊಕ್ಕದ್ದು ಹೋಟೆಲುಗಳ ಬಾಗಿಲಿನಿಂದ. ಬ್ರಿಟಿಷರ ಕಾಲದ ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ ಕುಣಿತಕ್ಕೆ ಬ್ಯಾಂಡ್ ಬೇಕಿತ್ತು. ಹೆಂಡತಿ ರೋಸ್ ಜೊತೆ ಲೋಕವೆಲ್ಲ ಸುತ್ತುತ್ತಿದ್ದ ಟೌ ಮೋ ಎಂಬ ವಾದಕ 1940ರ ದಶಕದಲ್ಲಿ ಇಲ್ಲಿ ಕೆಲವು ವರ್ಷ ಬೀಡುಬಿಟ್ಟರು. ಇಲ್ಲಿಯ ಆಂಗ್ಲೋ-ಇಂಡಿಯನ್ ವಾದಕ ಗಾರ್ನಿ ನಿಸ್ ‘ಅಲೋಹಾ ಬಾಯ್ಸ್’ ಎಂಬ ತಂಡ ಕಟ್ಟಿ ರೆಕಾರ್ಡುಗಳನ್ನೂ ತಂದರು. ಹೋಟೆಲಿನ ವಾದ್ಯವನ್ನು ಬಂಗಾಳಿಗಳು ಮನೆಗೆ ತಂದುಕೊಂಡದ್ದು ರವೀಂದ್ರರ ಹಾಡುಗಳಿಗಾಗಿ. ಬಟುಕ್ ನಂದಿ ರವೀಂದ್ರಸಂಗೀತವನ್ನು ಈ ತಂತಿಯ ಮೇಲೆ ತಂದರು. ಕವಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ ಗಿಟಾರ್ ವಾದಕರಾಗಿದ್ದರು. ತಂದೆಗಿಂತ ಎರಡು ವರ್ಷ ಮೊದಲೇ, 1974ರಲ್ಲಿ ತೀರಿಕೊಂಡರು. ನಮ್ಮ ಕಡೆ ಮದುವೆಗೆ ಬಂದ ಹುಡುಗಿಗೆ ಹಾರ್ಮೋನಿಯಂ ಮುಂದೆ ಎರಡು ದೇವರನಾಮ ಹೇಳಿಸುತ್ತಿದ್ದರಲ್ಲ, ಇಲ್ಲಿ ಅದೇ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗಿಯರ ತೊಡೆಯ ಮೇಲೆ ಈ ಗಿಟಾರು ಇತ್ತು.

ನಾನು ಉಳಿದುಕೊಂಡದ್ದು ಲೇಕ್ ಮಾರ್ಕೆಟ್ ಕಡೆ. ದಕ್ಷಿಣದವರು ಬಹಳ ಕಾಲದಿಂದ ಇರುವ ಜಾಗ. ಬೆಳಗ್ಗೆ ಫಿಲ್ಟರ್ ಕಾಫಿಯ ಚಿಂತೆಯಿಲ್ಲ. ಕಾಲೀಘಾಟಿನಲ್ಲಿ ಮೆಟ್ರೋ ಹತ್ತಿದರೆ ಮೂರನೆಯ ನಿಲ್ದಾಣ ರವೀಂದ್ರ ಸದನ. ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಸಭಾಂಗಣ. ಬಾಗಿಲಲ್ಲಿ ಶಾಲು ಹೊದ್ದ ಹಿರಿಯರೊಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ಮಂಗನ ಟೋಪಿ ಬೇರೆ. ಮುಂಬಯಿಯವರಿಗೆ ಚಳಿ ಅನ್ನಿಸದ ಚಳಿಗೆ ಇಲ್ಲಿ ತಲೆಯೆಲ್ಲ ಮುಚ್ಚಿಕೊಳ್ಳುತ್ತಾರೆ. ನೋಂದಣಿ ಹಾಳೆಯಲ್ಲಿ ನಾಲ್ಕು ಅಂಕಣ: ಹೆಸರು, ಗುರುವಿನ ಹೆಸರು, ನುಡಿಸುವ ಹಾಡು, ಎಷ್ಟು ನಿಮಿಷ.

“ನಾನು ನುಡಿಸುವವನಲ್ಲ ದಾದಾ, ಕೇಳಲಿಕ್ಕೆ ಬಂದದ್ದು.”

“ಯಾರ ಜೊತೆ ಬಂದಿದ್ದೀರಿ?”

“ಯಾರ ಜೊತೆಗೂ ಅಲ್ಲ.”

ಅವರು ಪಕ್ಕದವರ ಮುಖ ನೋಡಿದರು. ಇಬ್ಬರೂ ಬಂಗಾಳಿಯಲ್ಲಿ ಏನೋ ಮಾತಾಡಿಕೊಂಡರು. ನನ್ನ ಹೆಸರಿನ ಮುಂದಿನ ಮೂರು ಅಂಕಣಕ್ಕೂ ಅಡ್ಡಗೆರೆ ಎಳೆದು ‘ಶ್ರೋತಾ’ ಎಂದು ಬರೆದರು. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದೆ. ಅಂಥವನು ನಾನೊಬ್ಬನೇ.

ಅದರ ಅರ್ಥ ಮಧ್ಯಾಹ್ನದ ಹೊತ್ತಿಗೆ ಸ್ಪಷ್ಟವಾಯಿತು. ಮೊದಲ ದಿನವೇ ನಲವತ್ತು ಚಿಲ್ಲರೆ ಜನ ನುಡಿಸುವವರು, ತಲಾ ಐದು ನಿಮಿಷ. ಬೆಳಗ್ಗೆ ಸಭಾಂಗಣ ಕಿಕ್ಕಿರಿದಿತ್ತು. ಪ್ರತಿಯೊಬ್ಬರ ಮಡಿಲಲ್ಲೂ ಒಂದು ಕಪ್ಪು ಚೀಲ, ಚೀಲದೊಳಗೆ ಗಿಟಾರು. ವೇದಿಕೆಯ ಮೇಲೆ ಯಾರೋ ನುಡಿಸುತ್ತಿದ್ದರೆ ಕೆಳಗೆ ಕೂತವರ ಎಡಗೈ ತೊಡೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು, ತಮ್ಮ ಹಾಡಿನ ತಾಲೀಮು. ಸರದಿ ಬಂದಿತು, ನುಡಿಸಿದರು, ನಮಸ್ಕಾರ ಮಾಡಿದರು, ಫೋಟೋ ಆಯಿತು, ಊಟದ ಪೊಟ್ಟಣ ಸಿಕ್ಕಿತು, ಚೀಲ ಹೆಗಲಿಗೇರಿಸಿ ಹೊರಟರು. ಅವರ ಜೊತೆ ಅವರ ಮನೆಯವರೂ ಎದ್ದರು. ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವದ ಕವಿಗೋಷ್ಠಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ಕವಿಗಳಿದ್ದರೆ ಇಪ್ಪತ್ತನೆಯ ಕವಿಯ ಕವನ ಕೇಳುವವರು ಅಧ್ಯಕ್ಷರು ಮತ್ತು ಮೈಕಿನವನು. ಮಾಟುಂಗದಲ್ಲಿ ಕಂಡದ್ದನ್ನೇ ಇಲ್ಲಿ ತಂತಿಯ ಮೇಲೆ ಕಂಡೆ.

ಊಟದ ಪೊಟ್ಟಣ ಮಾತ್ರ ನಮ್ಮ ಸಂಘಗಳಿಗಿಂತ ಮೇಲು. ಲೂಚಿ, ಆಲೂರ್ ದಮ್, ಜೊತೆಗೆ ಹೊಸ ಖರ್ಜೂರದ ಬೆಲ್ಲದ ಸಂದೇಶ್. ಚಳಿಗಾಲದಲ್ಲಿ ಮಾತ್ರ ಸಿಗುವ ಬೆಲ್ಲ ಅದು.

ನುಡಿಸಿದ್ದೆಲ್ಲ ಚೆನ್ನಾಗಿತ್ತು ಎಂದು ಹೇಳಲಾರೆ. ಈ ವಾದ್ಯದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಮಾಮೂಲಿ ಗಿಟಾರಿನಲ್ಲಿ ಬೆರಳು ಎರಡು ಮೆಟ್ಟಿಲ ನಡುವೆ ಎಲ್ಲಿ ಒತ್ತಿದರೂ ಸ್ವರ ಸರಿಯಾಗಿಯೇ ಬರುತ್ತದೆ. ಇಲ್ಲಿ ಮೆಟ್ಟಿಲು ಬರೀ ಗುರುತಿಗೆ ಎಳೆದ ಗೆರೆ. ಉಕ್ಕು ಆ ಗೆರೆಯ ನೆತ್ತಿಯ ಮೇಲೇ ನಿಲ್ಲಬೇಕು, ಕೂದಲೆಳೆ ತಪ್ಪಿದರೂ ಬೇಸುರ. ಜಾರುವುದು ಸುಲಭ, ನಿಲ್ಲುವುದು ಕಷ್ಟ. ಹೊಸಬರು ಎಲ್ಲ ಸ್ವರಕ್ಕೂ ಜಾರಿಯೇ ಬರುತ್ತಾರೆ, ಎರಡು ನಿಮಿಷಕ್ಕೆ ಕೇಳುವವರಿಗೆ ದೋಣಿಯಲ್ಲಿ ಕೂತ ಹಾಗಾಗುತ್ತದೆ. ಒಬ್ಬ ಹುಡುಗನ ಕೈಯಿಂದ ಉಕ್ಕಿನ ತುಂಡು ಜಾರಿ ವೇದಿಕೆಯ ಹಲಗೆಯ ಮೇಲೆ ಗಡಗಡ ಉರುಳಿತು. ಯಾರೂ ನಗಲಿಲ್ಲ. ಮೊದಲ ಸಾಲಿನಲ್ಲಿದ್ದ ನಾಲ್ಕು ಜನ ಒಟ್ಟಿಗೆ ಬಗ್ಗಿ ಹುಡುಕಿದರು.

ಇನ್ನೊಂದು ವಿಷಯ ನನಗೆ ಹೊಳೆದದ್ದು ಅಲ್ಲಿ ಕೂತ ಮೇಲೆಯೇ. ರವೀಂದ್ರಸಂಗೀತ ಶುರುವಾದರೆ ಸಭಾಂಗಣದಲ್ಲಿ ಒಂದು ಗುಂಯ್‌ಗುಡುವ ಸದ್ದು ಏಳುತ್ತಿತ್ತು. ಎಲ್ಲರೂ ಬಾಯಿ ಮುಚ್ಚಿಕೊಂಡೇ ಸಾಹಿತ್ಯ ಹೇಳಿಕೊಳ್ಳುತ್ತಿದ್ದರು. ಗಿಟಾರು ಹಾಡುತ್ತಿರಲಿಲ್ಲ, ನೆನಪಿಸುತ್ತಿತ್ತು, ಹಾಡುತ್ತಿದ್ದವರು ಕೇಳುಗರೇ. ನನಗೆ ಆ ಸಾಹಿತ್ಯ ಗೊತ್ತಿಲ್ಲ. ಹಾಗಾಗಿ ಇಡೀ ಸಭೆಯಲ್ಲಿ ಬರೀ ತಂತಿಯನ್ನು ಕೇಳುತ್ತಿದ್ದವನು ನಾನೊಬ್ಬನೇ ಇರಬೇಕು. ಧಾರವಾಡದ ರೇಡಿಯೋ ಮುಂದೆಯೂ ಅಷ್ಟೇ: ಹಿಂದಿ ಹಾಡುಗಳ ಅರ್ಥ ಗೊತ್ತಾಗುವ ವಯಸ್ಸಲ್ಲ, ಧಾಟಿ ಮಾತ್ರ ಕಿವಿಗೆ ಬೀಳುತ್ತಿತ್ತು.

ಮೊದಲ ದಿನ ಮಧ್ಯಾಹ್ನ ನನ್ನ ಪಕ್ಕ ಕೂತಿದ್ದ ಹಿರಿಯಾಕೆ, ಎಲ್ಲರೂ ಮಾಶಿಮಾ ಎನ್ನುತ್ತಿದ್ದರು, ಹಿಂದಿಯಲ್ಲಿ ಮಾತಿಗಿಳಿದರು. ಎಪ್ಪತ್ತೈದರ ಆಸುಪಾಸು. ಮಂಡಿನೋವಿನಿಂದ ಗಿಟಾರನ್ನು ತೊಡೆಯ ಮೇಲಿಡುವುದು ಬಿಟ್ಟು ಸಣ್ಣ ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡು ನುಡಿಸುತ್ತಾರೆ.

“ಬರೀ ಕೇಳಲಿಕ್ಕೆ ಮುಂಬಯಿಯಿಂದ ಬಂದಿರಾ?”

“ಹೌದು ಮಾಶಿಮಾ.”

“ಮನೆಯಲ್ಲಿ ಏನೂ ಅನ್ನಲಿಲ್ಲವೇ?”

ಅಂದದ್ದನ್ನು ಹೇಳಿದೆ. ಅಳುಬುರುಕ ಎಂಬುದಕ್ಕೆ ಹಿಂದಿಯಲ್ಲಿ ಪದ ಹುಡುಕಿ ಹೇಳುವಷ್ಟರಲ್ಲಿ ಅವರು ನಕ್ಕುಬಿಟ್ಟರು. ಅವರ ಗಂಡನೂ ಅದನ್ನೇ ಅನ್ನುತ್ತಿದ್ದರಂತೆ. ನಿಮ್ಮ ಭಾಷೆಯ ಒಂದು ಹಾಡು ಹೇಳಿ ಎಂದರು. ನನ್ನ ಗಂಟಲು ಹಾಡಿಗೆ ಹೇಳಿದ್ದಲ್ಲ. ಅವ್ವ ಹೇಳುತ್ತಿದ್ದ ದೇವರನಾಮವೊಂದರ ಪಲ್ಲವಿಯನ್ನು ಗುನುಗಿದೆ. ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಅವರು ಗಿಟಾರ್ ತೆರೆದರು. ಎರಡು ಸಲ ಕೇಳಿ ಧಾಟಿ ಹಿಡಿದರು. ಮೂರನೆಯ ಸಲ ನಡುವೆ ನಿಲ್ಲಿಸಿದರು.

“ಇಲ್ಲಿ ಏನು ಪದ?”

“ಪದ ಏಕೆ? ಧಾಟಿ ಸರಿಯಾಗಿದೆ.”

“ಪದ ಗೊತ್ತಿಲ್ಲದೆ ಎಲ್ಲಿ ಮೀಟಲಿ?”

ಅವರು ತೋರಿಸಿಕೊಟ್ಟರು. ಬಲಗೈ ಮೀಟುವುದು ವ್ಯಂಜನಕ್ಕೆ, ಎಡಗೈ ಜಾರುವುದು ಸ್ವರಾಕ್ಷರಕ್ಕೆ. ‘ಕಾ’ ಎಂದರೆ ಕಕಾರಕ್ಕೆ ಒಂದು ಮೀಟು, ದೀರ್ಘ ಮುಗಿಯುವವರೆಗೆ ಉಕ್ಕಿನ ಎಳೆತ. ಒತ್ತಕ್ಷರ ಬಂದರೆ ಅಂಗೈಯ ಅಂಚಿನಿಂದ ತಂತಿಯನ್ನು ಕ್ಷಣ ಅದುಮಿ ಬಿಡುವುದು. ಪದ ಗೊತ್ತಿಲ್ಲದೆ ನುಡಿಸಿದರೆ ಎಲ್ಲಿ ಬೇಕಾದರೂ ಮೀಟಿದ ಹಾಗಾಗುತ್ತದೆ, ಹಾಡು ತೊದಲುತ್ತದೆ. ಅವರು ಡೈರಿ ತೆಗೆದು ನಾನು ಹೇಳಿದ ಹಾಗೆ ಪಲ್ಲವಿಯನ್ನು ಬಂಗಾಳಿ ಲಿಪಿಯಲ್ಲಿ ಬರೆದುಕೊಂಡರು. ನಮ್ಮ ‘ಅ’ ಅವರ ಬಾಯಲ್ಲಿ ‘ಒ’ ಆಗುತ್ತಿತ್ತು, ಲಕಾರ ಳಕಾರ ಒಂದೇ. ಆದರೆ ತಂತಿಯ ಮೇಲೆ ಮೀಟಿದಾಗ, ನಾನು ಸುಮ್ಮನೆ ಹೊಗಳುತ್ತಿಲ್ಲ, ಅದು ಕನ್ನಡದಲ್ಲಿತ್ತು.

ನನ್ನ ಬಳಿ ಇರುವ ರೆಕಾರ್ಡುಗಳನ್ನು ಇಷ್ಟು ವರ್ಷ ಹಾಗೆ ಕೇಳಿರಲಿಲ್ಲ. ಊರಿಗೆ ಬಂದು ಸುನೀಲ್ ಗಂಗೂಲಿಯವರನ್ನು ಮತ್ತೆ ಹಾಕಿದಾಗ ಒಂದೊಂದು ಅಕ್ಷರ ಎಣಿಸಬಹುದಾಗಿತ್ತು.

ಎರಡನೆಯ ದಿನ ಸಣ್ಣ ಜಗಳವೂ ಆಯಿತು. ಕೆಲವರು ಪೆನ್‌ಡ್ರೈವಿನಲ್ಲಿ ಹಿನ್ನೆಲೆ ಸಂಗೀತ ತಂದಿದ್ದರು, ಮೊಬೈಲಿನ ಕರಾವೊಕೆ. ತಬಲಾದವರು ಕೈಕಟ್ಟಿ ಕೂತರು. ನಡುವಯಸ್ಸಿನ ಶಿಕ್ಷಕರೊಬ್ಬರು ಎದ್ದು ನಿಂತು, ಯಂತ್ರದ ಹಿಂದೆ ಓಡಿದರೆ ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ಕೇಳಿದರು. ಹುಡುಗರ ಕಡೆಯವರು, ಯಂತ್ರ ಬೇಡವೆಂದರೆ ಹುಡುಗರೇ ಬರುವುದಿಲ್ಲ, ಎಲ್ಲರೂ ಕೀಬೋರ್ಡಿಗೋ ಎದೆಗೊರಗಿಸುವ ಸ್ಪ್ಯಾನಿಷ್ ಗಿಟಾರಿಗೋ ಹೋಗುತ್ತಾರೆ ಎಂದರು. ಎರಡೂ ನಿಜ. ನನ್ನ ಮಟ್ಟಿಗೆ ತಬಲಾದವರ ಪಕ್ಷ. ಉಕ್ಕು ಒಂದು ಸ್ವರದ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸಿದಾಗ ತಬಲಾ ಕಾಯುತ್ತದೆ, ಪೆನ್‌ಡ್ರೈವ್ ಕಾಯುವುದಿಲ್ಲ.

ಜಗಳದ ಅಡಿಯಲ್ಲಿ ಇನ್ನೊಂದು ನೋವಿತ್ತು, ಅದನ್ನು ಯಾರೂ ಎತ್ತಲಿಲ್ಲ. ಈ ವಾದ್ಯದ ಕೀರ್ತಿಯೆಲ್ಲ ಹೋದದ್ದು ರಾಗ ನುಡಿಸಿದವರಿಗೆ. ಅಲಿ ಅಕ್ಬರ್ ಖಾನರ ಶಿಷ್ಯ ಬ್ರಿಜ್‌ಭೂಷಣ್ ಕಾಬ್ರಾ ಗಿಟಾರಿಗೆ ಚಿಕಾರಿ ತಂತಿ ಕಟ್ಟಿ ಅದನ್ನು ಹಿಂದೂಸ್ತಾನಿ ಬೈಠಕ್ಕಿಗೆ ತಂದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಂದಿಗೆ ಅವರು ಮಾಡಿದ ‘ಕಾಲ್ ಆಫ್ ದ ವ್ಯಾಲಿ’ ಹಲವರ ಮನೆಯಲ್ಲಿರಬಹುದು. ಅವರ ಶಿಷ್ಯ ದೇಬಾಶಿಷ್ ಭಟ್ಟಾಚಾರ್ಯ ಇದೇ ಕೋಲ್ಕತ್ತಾದವರು, ತಮ್ಮದೇ ಗಿಟಾರುಗಳನ್ನು ರೂಪಿಸಿಕೊಂಡರು. ಜೈಪುರದ ವಿಶ್ವಮೋಹನ್ ಭಟ್ ತಂತಿಗಳನ್ನು 20ಕ್ಕೆ ಏರಿಸಿ ಮೋಹನವೀಣೆ ಎಂದು ಕರೆದರು, ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪಡೆದರು. ಧಾರವಾಡದವನಾಗಿ ರಾಗಕ್ಕೆ ನಾನು ವಿರೋಧಿಯೇ? ಆದರೆ ಹಾಡು ನುಡಿಸುವವರನ್ನು ರೇಡಿಯೋದವರು ಎರಡು ನಿಮಿಷದ ಖಾಲಿ ಜಾಗಕ್ಕೆ ಬಳಸಿದರು, ಆಮೇಲೆ ಹೋಟೆಲಿನ ಲಿಫ್ಟಿಗೆ ತಳ್ಳಿದರು, ಈಗ ಅಲ್ಲೂ ಇಲ್ಲ. ಆ ಸಭಾಂಗಣದಲ್ಲಿದ್ದವರೆಲ್ಲ ಅವರ ವಾರಸುದಾರರು.

ಎರಡನೆಯ ದಿನ ಸಂಜೆ ಏಳಾಗುವಾಗ ಎಣಿಸಿದೆ. ಕಾರ್ಯಕಾರಿ ಸಮಿತಿಯವರು ಐದು ಜನ, ತಬಲಾದವರು, ಮೈಕಿನ ಹುಡುಗ, ಮಾಶಿಮಾ, ನಾನು. ಮಾಶಿಮಾ ತಮ್ಮ ಸರದಿಯನ್ನು ಹಿಂದಿನ ದಿನವೇ ಮುಗಿಸಿದ್ದರು, ಆದರೂ ಬಂದಿದ್ದರು. ಕೊನೆಯಲ್ಲಿ ನುಡಿಸಬೇಕಾಗಿದ್ದವರು ಬಾಗಿಲಲ್ಲಿ ಮೇಜು ಹಾಕಿ ಕೂತಿದ್ದ ಅದೇ ಶಾಲಿನ ಹಿರಿಯರು. ಸಮ್ಮೇಳನ ನಡೆಸುವವರು ಎಲ್ಲರದ್ದೂ ಆದ ಮೇಲೆ ನುಡಿಸುವುದು ರೂಢಿಯಂತೆ. ಅವರು ಮಂಗನ ಟೋಪಿ ತೆಗೆದು ಪಕ್ಕಕ್ಕಿಟ್ಟು ಶ್ರುತಿ ಮಾಡಿಕೊಂಡರು. ಖಾಲಿ ತಂತಿಗಳನ್ನು ಒಮ್ಮೆ ಸವರಿದರೆ ಸಾಕು, ಈ ಗಿಟಾರಿನಲ್ಲಿ ಇಡೀ ಸ್ವರಮೇಳ ಏಳುತ್ತದೆ. ಖಾಲಿ ಸಭಾಂಗಣದಲ್ಲಿ ಅದು ಗೋಡೆಗೆ ತಾಗಿ ಮರಳಿ ಬಂತು.

ನಜ್ರುಲರ ಹಾಡು ಎಂದು ಹೇಳಿ ಶುರುಮಾಡಿದರು. ಅವರು ಜಾರುತ್ತಿದ್ದದ್ದು ಬಹಳ ಕಡಿಮೆ. ಒಂದೊಂದು ಸ್ವರಕ್ಕೂ ನೇರವಾಗಿ ಬಂದು ನಿಲ್ಲುತ್ತಿದ್ದರು, ಸಾಲಿನ ಕೊನೆಯಲ್ಲಿ ಒಂದೇ ಒಂದು ಸಲ, ಮೇಲಿನ ಷಡ್ಜದಿಂದ ಕೆಳಗೆ, ನಿಧಾನವಾಗಿ ಇಳಿಯುತ್ತಿದ್ದರು. ಅಷ್ಟಕ್ಕಾಗಿ ಇಡೀ ಸಾಲು ಕಾಯುತ್ತಿತ್ತು. ಹೊರಗೆ ಬಸ್ಸಿನ ಹಾರ್ನು. ಐದು ನಿಮಿಷದ ಗಂಟೆ ಬಾರಿಸುವವರು ಯಾರೂ ಉಳಿದಿರಲಿಲ್ಲ, ಬಾರಿಸುತ್ತಿದ್ದವರೇ ವೇದಿಕೆಯ ಮೇಲಿದ್ದರು. ಎರಡನೆಯ ಚರಣ ಬಂತು, ಮೂರನೆಯದೂ ಬಂತು. ಹಾಡು ಪೂರ್ತಿಯಾಯಿತು. ಮಾಶಿಮಾ ನನ್ನ ಕಡೆ ತಿರುಗಿ, “ಇವರು ಬೆಳಗ್ಗೆ ನುಡಿಸಬೇಕಿತ್ತು, ಎಲ್ಲರೂ ಇದ್ದಾಗ” ಎಂದರು. ಅದನ್ನು ಅವರಿಗೇ ಹೇಳಿದಾಗ ಅವರು, ಬೆಳಗ್ಗೆ ಎಲ್ಲರಿಗೂ ತಮ್ಮ ಹಾಡಿನದೇ ಭಯ, ಕಿವಿ ಎಲ್ಲಿರುತ್ತದೆ ಎಂದು ಗಿಟಾರನ್ನು ಬಟ್ಟೆಯಿಂದ ಒರೆಸತೊಡಗಿದರು.

ಮರುದಿನ ರೈಲಿಗೆ ಹೊತ್ತಿತ್ತು. ಲಾಲ್‌ಬಜಾರಿನ ಹತ್ತಿರ ರವೀಂದ್ರ ಸರಣಿಯಲ್ಲಿ ವಾದ್ಯದ ಅಂಗಡಿಗಳ ಸಾಲಿದೆ, ಹಾರ್ಮೋನಿಯಂ, ಸಿತಾರ್, ತಬಲಾ, ಬ್ಯಾಂಡಿನ ಕಹಳೆ. ಗಿಬ್‌ಟೋನ್, ಗಿವ್ಸನ್ ಎಂಬ ಹೆಸರಿನ ಗಿಟಾರುಗಳು ಸಾಲಾಗಿ ತೂಗುಹಾಕಿದ್ದವು, ಎಲ್ಲ ಸ್ಪ್ಯಾನಿಷ್. ಹವಾಯಿಯನ್ ಬೇಕು ಎಂದರೆ ಅಂಗಡಿಯವರು ಸ್ಪ್ಯಾನಿಷ್ ಗಿಟಾರನ್ನೇ ಇಳಿಸಿ, ತಲೆಯ ಹತ್ತಿರ ತಂತಿ ಎತ್ತಲು ಒಂದು ಲೋಹದ ಪಟ್ಟಿ ಸಿಕ್ಕಿಸಿ, “ಈಗ ಹವಾಯಿಯನ್” ಎಂದರು. ಗಿಟಾರು ಬೇಡ, ಉಕ್ಕು ಮಾತ್ರ ಸಾಕು ಎಂದೆ. ಡಬ್ಬಿಯೊಂದನ್ನು ಮೇಜಿನ ಮೇಲೆ ಸುರುವಿದರು. ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, ನುಣುಪಾದ ಒಂದನ್ನು ಆರಿಸಿದೆ. ಯಾರಿಗೆ ಎಂದು ಕೇಳಿದರು. ನನಗೇ ಎಂದೆ. ಎಷ್ಟು ವರ್ಷದಿಂದ ನುಡಿಸುತ್ತೀರಿ ಎಂಬುದಕ್ಕೆ ಉತ್ತರ ಕೊಡುವಷ್ಟರಲ್ಲಿ ಬೇರೆ ಗಿರಾಕಿ ಬಂದರು.

ಈಗ ಅದು ಡೊಂಬಿವಲಿಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ಕರೆಂಟ್ ಬಿಲ್ಲುಗಳು ಹಾರದಂತೆ ಹೆಂಡತಿ ಅದನ್ನೇ ಇಡುತ್ತಾಳೆ. ತೂಕ ಸರಿಯಾಗಿದೆ ಎನ್ನುತ್ತಾಳೆ.